ವಿಮಾನದ ಮಾಲು, ಲಾರಿಯ ದಾರಿ

ನಮ್ಮ ಮಹಾಗಾಂವದ ಸುತ್ತಣ ಸೀಮೆಯಿಂದ ವಿಮಾನದಲ್ಲಿ ಪರದೇಶಕ್ಕೆ ಹೋಗುವ ಮಾಲು ಮೊದಲು ಲಾರಿಯನ್ನೇ ಏರುವುದು. ಇಚಲಕರಂಜಿಯ ಬಟ್ಟೆಯಾಗಲಿ, ಕೊಲ್ಹಾಪುರದ ಚಪ್ಪಲಿಯಾಗಲಿ, ಹೆದ್ದಾರಿ ಹಿಡಿದು ಮುಂಬಯಿಯನ್ನೋ ಬೆಂಗಳೂರನ್ನೋ ಸೇರಿದ ಮೇಲೆಯೇ ಅದಕ್ಕೆ ಆಕಾಶಯಾನ. ಹೀಗಿರಲು, ಪೆಟ್ಟಿಗೆಯು ಒಡೆದು ತಲುಪಿದರೆ ನಷ್ಟವನ್ನು ತುಂಬಿಕೊಡುವವರು ಯಾರು? ಸಣ್ಣ ಕಸುಬುದಾರನಿಗೆ ಇದು ಅನ್ನದ ಪ್ರಶ್ನೆಯೇ ಸರಿ.

ಧನಿಯು ತಾನೇ ಲಾರಿಯನ್ನು ಗೊತ್ತುಮಾಡಿದ್ದರೆ, ದಾರಿಯಲ್ಲಾದ ಹಾನಿಗೆ 2007ರ ರಸ್ತೆ ಸಾಗಣೆ ಕಾಯಿದೆಯು ಅನ್ವಯಿಸುವುದು. ಮಾಲನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಹೆಚ್ಚಿನ ಹೊಣೆಯನ್ನು ಮೊದಲೇ ಬರೆಯಿಸಿಕೊಳ್ಳದಿದ್ದರೆ ಪರಿಹಾರವು ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟನ್ನು ಮೀರದು.

ವಿಮಾನ ಕಂಪನಿಯೇ ತನ್ನ ಕರಾರಿನಂತೆ ಲಾರಿಯಲ್ಲಿ ಮಾಲನ್ನು ತರಿಸಿದ್ದರೆ ಮಾತು ಬೇರೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 2009ರಲ್ಲಿ ಸೇರಿತು. ಅದರ ಪ್ರಕಾರ, ಮಾಲನ್ನು ವಿಮಾನಕ್ಕೆ ಒಪ್ಪಿಸಲು ಇಲ್ಲವೆ ವಿಮಾನದಿಂದ ತಲುಪಿಸಲು ನಡೆದ ಇಂಥ ಪ್ರಯಾಣದ ಹಾನಿಯು ವಿಮಾನಸಾಗಣೆಯಲ್ಲೇ ಆಯಿತೆಂದು ಎಣಿಸಲಾಗುವುದು. ಹಾಗಲ್ಲವೆನ್ನುವವರು ಅದನ್ನು ಸಾಧಿಸಿ ತೋರಿಸಬೇಕು. ಇಲ್ಲಿ ಪರಿಹಾರಕ್ಕೆ ತೂಕದ ಮೇಲೆ ಮಿತಿಯುಂಟು. ಹಾನಿಯ ದೂರನ್ನು ಮಾಲು ಕೈಸೇರಿದ 14 ದಿನಗಳೊಳಗೆ ಬರೆದು ಕೊಡಬೇಕು. ದಾವೆಗೆ ಎರಡು ವರ್ಷಗಳ ಅವಧಿ.

ದೂರು ಕೊಡಬೇಕಾದವನು ಸಾಮಾನ್ಯವಾಗಿ ದೂರದೇಶದ ಗಿರಾಕಿ. ಆದುದರಿಂದ ಪೆಟ್ಟಿಗೆಯನ್ನು ಪರೀಕ್ಷಿಸಿ, ಹಾನಿಯನ್ನು ರಶೀದಿಯಲ್ಲಿ ಬರೆದೇ ರುಜು ಹಾಕಬೇಕೆಂದು ಅವನಿಗೆ ಮುಂಚೆಯೇ ತಿಳಿಸುವುದು ಲೇಸು. ನಮ್ಮ ವಿದ್ಯಾರ್ಥಿಗಳು ರಶೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಹಿರಿಯರಿಗೆ ಓದಿ ಹೇಳಲಿ. ಕಲಿತ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.