ಮೂತ್ರದ ಕಲ್ಲಿನಲ್ಲಿ ಏನಿದೆ?

ಪಕ್ಕೆಯಿಂದ ತೊಡೆಯ ಸಂದಿಗೆ ಇಳಿಯುವ ಆ ದುಸ್ಸಹವಾದ ನೋವನ್ನು ಪಟ್ಟವರು, ಗೋಧಿಯ ಕಾಳಿನಷ್ಟು ಕಲ್ಲೊಂದು ಹೊರಬಿದ್ದೊಡನೆ ಶಪಿಸಿ ಎಸೆದುಬಿಡುವುದು ಸಹಜವೇ. ವಾಚಕರು ಹಾಗೆ ಮಾಡದಿರಲೆಂದು ನಮ್ಮ ಪ್ರಾರ್ಥನೆ. ಅದನ್ನು ತೊಳೆದು ಒಣಗಿಸಿ ವೈದ್ಯರಿಗೆ ಒಪ್ಪಿಸತಕ್ಕದ್ದು. ಕಲ್ಲುಗಳೆಲ್ಲ ಒಂದೇ ವಸ್ತುವಿನಿಂದಾದುವಲ್ಲ. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತವಾದೀತು.

ಸುಶ್ರುತನು ಅಶ್ಮರಿಯಲ್ಲಿ ನಾಲ್ಕು ಬಗೆಗಳನ್ನೆಣಿಸಿ, ವಾತದಿಂದಾದುದು ಕದಂಬದ ಹೂವಿನಂತೆ ಮುಳ್ಳುಮುಳ್ಳಾಗಿರುವುದೆಂದು ವರ್ಣಿಸಿದ್ದಾನೆ. ಎಂತಹ ಕಣ್ಣು! ಆದರೂ ಕಲ್ಲಿನ ಒಳಗನ್ನರಿಯಲು ರಸಾಯನಶಾಸ್ತ್ರವೇ ಬೇಕಾಯಿತು. 1776ರಲ್ಲಿ ಸ್ವೀಡನ್ನಿನ ಷೀಲೆ ಎಂಬಾತನು ಮೂತ್ರಾಶಯದ ಕಲ್ಲಿನಲ್ಲಿ ಯೂರಿಕ್ ಆಮ್ಲವನ್ನು ಕಂಡನು. 1797ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ನನು ಆಕ್ಸಲೇಟು, ಫಾಸ್ಫೇಟುಗಳ ಕಲ್ಲುಗಳನ್ನು ವಿವರಿಸಿದನು. 1810ರಲ್ಲಿ ಸಿಸ್ಟೀನನ್ನೂ ಕಂಡುಹಿಡಿದನು.

ಈಗ ಅತ್ಯಧಿಕವಾಗಿ ದೊರೆಯುವುದು ಕ್ಯಾಲ್ಸಿಯಂ ಆಕ್ಸಲೇಟಿನ ಕಲ್ಲು. ಇದನ್ನು ಕರಗಿಸುವ ಔಷಧವಿಲ್ಲ. ಚಿಕ್ಕದು ತಾನೇ ಹೊರಬೀಳಬೇಕು, ದೊಡ್ಡದನ್ನು ಒಡೆಯಿಸಬೇಕು. ಯೂರಿಕ್ ಆಮ್ಲದ ಕಲ್ಲಾದರೋ ಮೂತ್ರದ ಆಮ್ಲತೆಯಿಂದ ಹುಟ್ಟುವುದು. ವೈದ್ಯರು ಪೊಟ್ಯಾಸಿಯಂ ಸಿಟ್ರೇಟನ್ನು ಕೊಟ್ಟು ಆ ಆಮ್ಲತೆಯನ್ನು ತಗ್ಗಿಸಿದರೆ ಶಸ್ತ್ರವಿಲ್ಲದೆಯೇ ಕರಗುವುದುಂಟು. ಆದರೆ ಮೂತ್ರವು ಮಿತಿಮೀರಿ ಕ್ಷಾರವಾದರೆ ಫಾಸ್ಫೇಟಿನ ಕಲ್ಲಿಗೆ ಅದೇ ಪೋಷಣೆ! ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟುಗಳು ಕೂಡಿದ ಕಲ್ಲು ಸೂಕ್ಷ್ಮಜೀವಿಗಳ ಕೆಲಸ; ಅವು ಯೂರಿಯಾವನ್ನು ಒಡೆಯುವುದರಿಂದ ಕಲ್ಲು ಬೇಗ ಬೆಳೆದು, ಜಿಂಕೆಯ ಕೊಂಬಿನಂತೆ ಕವಲೊಡೆದು ಮೂತ್ರಪಿಂಡವನ್ನು ತುಂಬಬಹುದು. ಸಿಸ್ಟೀನಿನದು ವಂಶದಿಂದ ಬರುವಂಥದು. ಒಬ್ಬರಿಗೆ ಕಂಡರೆ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಲೇಸು.

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಕೇಳಿ ಹಾಲುಮೊಸರುಗಳನ್ನೇ ತೊರೆದವರನ್ನು ನಾವು ಬಲ್ಲೆವು. ಪಾಪ, ಎಲುಬೂ ಸವೆಯಿತು, ಕಲ್ಲೂ ನಿಲ್ಲಲಿಲ್ಲ. ಪಾಲಕಿನಂತಹ ಸೊಪ್ಪಿನಲ್ಲಿರುವ ಆಕ್ಸಲೇಟನ್ನು ಮೊಸರಿನ ಕ್ಯಾಲ್ಸಿಯಮ್ಮು ಕರುಳಿನಲ್ಲಿಯೇ ಹಿಡಿದು ಮಲದೊಡನೆ ಹೊರಗಟ್ಟುವುದು. ಮೊಸರಿಲ್ಲದಿದ್ದರೆ ಆ ಆಕ್ಸಲೇಟು ರಕ್ತವನ್ನು ಸೇರಿ ಮೂತ್ರಕ್ಕಿಳಿಯುವುದು. ಅಮೆರಿಕದಲ್ಲಿ 45 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದ್ದವರಿಗೇ ಕಲ್ಲು ಕಡಮೆಯಾಗಿ ಕಂಡಿತು. ಕಡಮೆ ಮಾಡಬೇಕಾದುದು ಉಪ್ಪನ್ನು. ಅದು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುವುದು. ಉಪ್ಪಿನಕಾಯಿ, ಹಪ್ಪಳಗಳ ಪ್ರಿಯರು ಮುನಿಯಬಾರದು.

ಯಾವ ಕಲ್ಲಿಗಾದರೂ ನೀರು ಬೇಕು. ದಿನಕ್ಕೆ ಸುಮಾರು ಎರಡೂವರೆ ಲೀಟರು ಮೂತ್ರವಾಗುವಷ್ಟು ಕುಡಿಯಬೇಕು. ಹೃದ್ರೋಗಿಗಳು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯತಕ್ಕದ್ದು. ನೋವಿನೊಡನೆ ಚಳಿಜ್ವರ ಬಂದರೆ, ಅಥವಾ ಮೂತ್ರವೇ ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.