ಕರಿಬೇವಿನ ಕಂದು: ಅಂಗಳದ ಮರಕ್ಕೆ ಕುಂಡದಲ್ಲೊಂದು ನೆಲೆ

ಸಿಂಗಪುರದ ನೈಋತ್ಯಕ್ಕಿರುವ ಜುರಾಂಗ್ ಐಲ್ಯಾಂಡ್, ಏಳು ಕಿರುದ್ವೀಪಗಳ ನಡುವಣ ಕಡಲನ್ನು ತುಂಬಿ ನಿರ್ಮಿಸಿದ ನೆಲ. 1995ರಲ್ಲಿ ಆರಂಭವಾದ ಆ ಕಾರ್ಯ 2009ರಲ್ಲಿ ಪೂರ್ಣಗೊಂಡಿತು. ಅಲ್ಲಿರುವುದು ತೈಲ ಹಾಗೂ ರಸಾಯನ ಸ್ಥಾವರಗಳೇ ಹೊರತು ವಸತಿಯಲ್ಲ. ಅಲ್ಲಿ ದುಡಿಯುವ ಕನ್ನಡಿಗರೂ ದಿನದ ಕೆಲಸ ಮುಗಿಸಿ ಮುಖ್ಯ ದ್ವೀಪದ ಮನೆಗಳಿಗೆ ಮರಳುತ್ತಾರೆ. ಅಂಥ ಮನೆಗೆ ಅಂಗಳವೊಂದಿದ್ದರೆ ಅದರಲ್ಲಿ ಕರಿಬೇವು ಇದ್ದೇ ಇರುತ್ತದೆನ್ನಬಹುದು. ಆದರೆ ಬಾಡಿಗೆಯ ಅವಧಿ ಮುಗಿದಾಗ ಅಥವಾ ಮನೆಯನ್ನು ಹೊಸದಾಗಿ ಕಟ್ಟುವಾಗ ಆ ಮರವನ್ನು ತೆಗೆಯದೆ ವಿಧಿಯಿಲ್ಲ. ಹತ್ತಾರು ವರ್ಷ ಒಗ್ಗರಣೆಗೆ ಒದಗಿದ ಗಿಡದ ಪರಿಮಳ ಅಲ್ಲಿಗೇ ಮುಗಿಯಬೇಕೆ?

ಬೇಕಿಲ್ಲ. ಕರಿಬೇವಿನ ಬುಡವನ್ನು ಕಡಿದರೂ ಮಣ್ಣಿನಲ್ಲುಳಿದ ಅಡ್ಡಬೇರುಗಳಿಂದ, ಬಾಳೆಯ ಕಂದುಗಳಂತೆ, ಮರಿಗಿಡಗಳು ಮೇಲೇಳುತ್ತವೆ. ಬೀಜದ ಸಸಿ ತಾಯಿಗಿಡವನ್ನು ಪೂರ್ತಿಯಾಗಿ ಹೋಲಬೇಕೆಂದಿಲ್ಲ. ಬೇರಿನ ಕಂದಾದರೋ ಅದೇ ಮರದ ಮುಂದುವರಿಕೆ. ಎಲೆಯ ಘಮಲಿನ ಗುಣವೂ ಅದೇ. ಕಸಿ ಕಟ್ಟಿದ ಮಾವಿನಂಥ ಮರಗಳಿಗೆ ಈ ಮಾತು ಸಲ್ಲದು. ಅಲ್ಲಿ ಬೇರು ಬೇರೊಂದು ತಳಿಯದಾಗಿರುತ್ತದೆ.

ಬೊಡ್ಡೆಗೆ ಕಳೆನಾಶಕ ಸವರಬಾರದು. ಅದು ಬೇರಿನ ಮೂಲಕ ಕಂದುಗಳನ್ನೂ ತಲಪಿ ಕೊಲ್ಲುತ್ತದೆ. ಕಂದು ಗೇಣುದ್ದವಾದಾಗ ಮಣ್ಣು ಸರಿಸಿ, ಬೊಡ್ಡೆಯ ಕಡೆಗಿನ ಬೇರನ್ನು ಮಾತ್ರ ಕತ್ತರಿಸಿ, ಒಂದೆರಡು ತಿಂಗಳು ಅಲ್ಲಿಯೇ ಬಿಡಬೇಕು. ಸ್ವಂತ ಎಳೆಬೇರುಗಳು ಮೂಡುವ ಮುನ್ನ ಅವಸರದಿಂದ ಕಿತ್ತ ಕಂದು ಸಾಮಾನ್ಯವಾಗಿ ಒಣಗುತ್ತದೆ. ಬಳಿಕ ಹಳೆಯ ಬೇರಿನ ತುಂಡಿನೊಂದಿಗೇ ಎತ್ತಿದರೆ ಬುಡಕ್ಕೆ ಮುಪ್ಪಿನ ಗಾಂಭೀರ್ಯ ಬೇಗನೆ ದೊರೆಯುತ್ತದೆ. ದಪ್ಪ ಮರಳು, ಇಟ್ಟಿಗೆಯ ಚೂರು, ಕೊಳೆತ ಗೊಬ್ಬರ ಬೆರೆಸಿದ ಮಣ್ಣಿನ ದೊಡ್ಡ ಕುಂಡದಲ್ಲಿ ಒಂದೆರಡು ವರ್ಷ ಬೆಳೆಸಿ, ಆನಂತರವೇ ಆಳವಿಲ್ಲದ ತಟ್ಟೆಗೆ ವರ್ಗಾಯಿಸುವುದು ಲೇಸು. ರೆಂಬೆ ಬಾಗಿಸಲು ಸುತ್ತಿದ ಅಲ್ಯೂಮಿನಿಯಂ ತಂತಿಯನ್ನು ತೊಗಟೆಗೆ ಕಚ್ಚುವ ಮುನ್ನ ಬಿಚ್ಚಬೇಕು. ಬಿಸಿಲು ಬೀಳುವ ಜಾಗವೇ ಇದಕ್ಕೆ ತಕ್ಕದ್ದು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ಆಶ್ರಯವಾಗುವುದರಿಂದ ಅದನ್ನು ತಪ್ಪದೆ ಬರಿದು ಮಾಡಬೇಕು.

ಕರಿಬೇವಿನ ಎಲೆ ಗರಿಯಾಕಾರದ್ದು. ಆಲ, ಅತ್ತಿಗಳಷ್ಟು ಅಚ್ಚುಕಟ್ಟಾದ ಬೋನ್ಸಾಯ್ ಇದರಿಂದ ಆಗಲಾರದು. ಆದರೆ ಆಕಾರಕ್ಕಾಗಿ ಚಿವುಟಿದ ಕುಡಿ ಸಾರಿಗೂ ಒದಗುವ ಬೋನ್ಸಾಯ್ ಬೇರೆ ಯಾವುದಿದೆ?

ಸಮ್ಮೇಳನಕ್ಕೆ ಆಗಮಿಸಿದ ಬಂಧುಗಳಲ್ಲಿ ಒಂದು ವಿನಂತಿ. ನಿಂಬೆ, ಕಿತ್ತಳೆಗಳ ಘೋರ ರೋಗವೊಂದನ್ನು ಹರಡುವ ಕೀಟ ಕರಿಬೇವಿನಲ್ಲೂ ವಾಸಿಸುತ್ತದೆ. ಆದಕಾರಣ ಎಷ್ಟೇ ಮಮತೆಯಿದ್ದರೂ ಗಿಡವನ್ನು ಪೆಟ್ಟಿಗೆಯಲ್ಲಿರಿಸಿ ದೇಶ ದಾಟಿಸಬಾರದು. ಮನೆ ಬಿಡುವ ಮುನ್ನ ಒಂದೆರಡು ಕಂದುಗಳನ್ನು ಅದೇ ಊರಿನ ನೆರೆಯವರಿಗೆ ಕೊಡಬಹುದು. ಹೊಸ ಊರಿನಲ್ಲಿ ನಮಗೂ ಅಂಥ ನೆರೆಯವರೊಬ್ಬರು ದೊರಕಿಯಾರು.