ಬುಟ್ಟಿಯಲ್ಲಿ ಆರು, ಮೇಜಿಗೆ ಏಳು

ನಮ್ಮ ಹಾಸ್ಟೆಲ್‌ನಲ್ಲಿ ಯಾರನ್ನೂ ಅವರ ಹೆಸರಿನಿಂದ ಕರೆಯುವುದಿಲ್ಲ. ಊರೇ ಹೆಸರು. ನಾನು ತಿಪಟೂರು, ಎದುರು ರೂಮಿನವನು ಬಾಗಲಕೋಟೆ, ಪಕ್ಕದಲ್ಲಿ ಶಿರಸಿ ಮತ್ತು ಕುಂದಾಪುರ. ಏಳನೇ ಸೆಮಿಸ್ಟರ್ ಶುರುವಾದ ಮೂರನೇ ವಾರ ನಮ್ಮ ಹಿರಿಯೂರಿಗೆ ಕೆಲಸ ಸಿಕ್ಕಿತು. ಗುಂಪಿನಲ್ಲಿ ಅದೇ ಮೊದಲು. ಸಂಜೆ ಆರು ಗಂಟೆಗೆ ಅವನಿಗೆ ಮೇಲ್ ಬಂತು. ಆರೂ ಐದಕ್ಕೆ ನಾನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದೆ: ‘ಪಾರ್ಟಿ ಯಾವಾಗ ಮಗಾ?’ ಕಂಗ್ರಾಟ್ಸ್ ಹೇಳಿದ್ದು ಆಮೇಲೆ.

ಕಾಲೇಜಿನ ಎದುರಿನ ದರ್ಶಿನಿಯಲ್ಲಿ ಮಸಾಲೆ ದೋಸೆ ಕೊಡಿಸುತ್ತೇನೆ ಅಂದ. ನಾವು ಒಪ್ಪಲಿಲ್ಲ. ವರ್ಷಕ್ಕೆ ನಾಲ್ಕೂವರೆ ಲಕ್ಷದ ಪ್ಯಾಕೇಜ್ ಇಟ್ಟುಕೊಂಡು ದೋಸೆಯಾ ಎಂದು ಜೋರಾಗಿ ಕೇಳಿದವನು ನಾನೇ. ಮನೆಯಿಂದ ಓಡಾಡುವ ಬೆಂಗಳೂರಿನವರು ಗುಂಪಿನಲ್ಲಿ ಇಬ್ಬರಿದ್ದಾರೆ. ಅವರಲ್ಲೊಬ್ಬಳು ಇಂದಿರಾನಗರದ ಒಂದು ಪ್ಯಾನ್ ಏಷ್ಯನ್ ರೆಸ್ಟೋರೆಂಟ್‌ನ ಫೋಟೊ ಹಾಕಿದಳು. ಕೆಂಪು ಲಾಟೀನು, ತಿರುಗುವ ಮೇಜು, ಹೊಗೆಯಾಡುವ ಬಿದಿರಿನ ಬುಟ್ಟಿ. ಅಲ್ಲಿಗೆ ಚರ್ಚೆ ಮುಗಿಯಿತು. ಶನಿವಾರ ಸಂಜೆ ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿದೆವು.

ಪ್ಯಾನ್ ಏಷ್ಯನ್ ಅಂದರೆ ಇಡೀ ಏಷ್ಯಾ ಅಂದುಕೊಳ್ಳಬೇಡಿ. ಚೀನಾ, ಜಪಾನ್, ಕೊರಿಯಾ, ಥಾಯ್ಲೆಂಡ್, ವಿಯೆಟ್ನಾಂ ಒಂದೇ ಮೆನುವಿನಲ್ಲಿ ಸಿಗುತ್ತವೆ. ಏಷ್ಯಾದಲ್ಲೇ ಇರುವ ನಮ್ಮ ಇಡ್ಲಿಗೆ ಅಲ್ಲಿ ಜಾಗವಿಲ್ಲ! ಗಲಾಟೆ ಮಾತ್ರ ನಮ್ಮೂರ ಜಾತ್ರೆಯದ್ದೇ. ಪಕ್ಕದ ಉದ್ದನೆಯ ಮೇಜಿನಲ್ಲಿ ಇಪ್ಪತ್ತು ಜನ ಸೇರಿದ್ದರು, ಯಾರದ್ದೋ ಹುಟ್ಟುಹಬ್ಬ. ಇದ್ದಕ್ಕಿದ್ದಂತೆ ದೀಪ ಆರಿತು, ಅಡುಗೆಮನೆಯಿಂದ ಹುಡುಗರು ಡ್ರಮ್ ಬಾರಿಸಿಕೊಂಡು ಕೇಕ್ ತಂದರು. ಯಾರು ಏನು ಗೊತ್ತಿಲ್ಲದಿದ್ದರೂ ನಾವೂ ಚಪ್ಪಾಳೆ ತಟ್ಟಿ ಹಾಡಿದೆವು.

ಶಿರಸಿ ಅಪ್ಪಟ ಸಸ್ಯಾಹಾರಿ. ಅವನ ಪ್ರಶ್ನೆಗಳಿಗೆ ವೇಟರ್ ಅಣ್ಣ ಬೇಸರವಿಲ್ಲದೆ ಉತ್ತರಿಸಿದರು. ಕಿಮ್ಚಿ ಎಲೆಕೋಸಿನದ್ದೇ ಆದರೂ ಹುದುಗಿಸುವಾಗ ಸಾಮಾನ್ಯವಾಗಿ ಸಿಗಡಿಯನ್ನೋ ಮೀನಿನ ಸಾಸನ್ನೋ ಹಾಕುತ್ತಾರಂತೆ. ಥಾಯ್ ಸೂಪಿಗೂ ಮೀನಿನ ಸಾಸ್ ಬೀಳುತ್ತದೆ, ಬೇಡ ಅಂದರೆ ಬೇರೆ ಮಾಡಿಕೊಡುತ್ತೇವೆ ಅಂದರು. ಮೆನುವಿನಲ್ಲಿ ತರಕಾರಿ ಹೆಸರಿದೆ ಎಂದು ನಂಬಿ ಕೂರುವ ಸಸ್ಯಾಹಾರಿಗಳು ಇಂಥಲ್ಲಿ ಬಾಯಿಬಿಟ್ಟು ಕೇಳುವುದೇ ಒಳ್ಳೆಯದು. ಸೂಪು ಬಂದಾಗ ಶಿರಸಿ ಮೂಸಿ ನೋಡಿ, ‘ಇದು ನಮ್ಮನೆ ಹಿತ್ತಲಿನ ಮಜ್ಜಿಗೆಹುಲ್ಲು ಕಣ್ರೋ’ ಅಂದ. ಹೌದು, ಲೆಮನ್‌ಗ್ರಾಸ್ ಎಂದು ಮೆನುವಿನಲ್ಲಿ ಮೆರೆಯುವುದು ಅದೇ ಮಜ್ಜಿಗೆಹುಲ್ಲು.

ಸುಶಿ ಎಂದರೆ ಹಸಿ ಮೀನು ಅಂತ ನಾನು ತಿಳಿದಿದ್ದೆ. ಅಲ್ಲವಂತೆ, ವಿನೆಗರ್ ಹಾಕಿದ ಅನ್ನವೇ ಅದರ ಜೀವಾಳ, ಸೌತೆಕಾಯಿ ಇಟ್ಟು ಸುತ್ತಿದರೂ ಸುಶಿಯೇ. ಪಕ್ಕದಲ್ಲಿದ್ದ ಹಸಿರು ಚಟ್ನಿಯನ್ನು ಬಾಗಲಕೋಟೆ ರೊಟ್ಟಿಗೆ ಹಚ್ಚುವಷ್ಟು ತೆಗೆದು ಬಾಯಿಗೆ ಹಾಕಿಕೊಂಡ. ಅದು ವಸಾಬಿ. ಗುಂಟೂರು ಮೆಣಸಿನಕಾಯಿಗೂ ಜಗ್ಗದವನ ಕಣ್ಣು ಮೂಗಿನಲ್ಲಿ ನೀರು. ‘ಇದು ನಾಲಿಗಿಗೆ ಹತ್ತಂಗಿಲ್ಲೋ, ಸೀದಾ ತಲಿಗೇ ಹತ್ತತೈತಿ’ ಎಂದ. ಕೊರಿಯಾದ ಬಿಬಿಂಬಾಪ್ ಹೆಸರು ಕೇಳಿ ಕುಂದಾಪುರ ‘ಬಿಸಿಬೇಳೆಬಾತ್ ಅಲ್ವಾ’ ಅಂದದ್ದಕ್ಕೆ ಎಲ್ಲರೂ ನಕ್ಕೆವು. ಬಂದದ್ದು ಅನ್ನದ ಮೇಲೆ ತರಕಾರಿ, ಮೊಟ್ಟೆ, ಖಾರದ ಪೇಸ್ಟ್, ಕಲಸಿ ತಿನ್ನಬೇಕು. ಹೆಸರಿನ ಅರ್ಥವೂ ಕಲಸಿದ ಅನ್ನ ಎಂದೇ ಅಂತೆ. ಹಾಗಾಗಿ ಕುಂದಾಪುರ ಹೇಳಿದ್ದು ಪೂರ್ತಿ ತಪ್ಪೇನಲ್ಲ.

ನಮಗೆ ಹೊಸದೆನಿಸಿದ್ದು ರುಚಿಗಿಂತ ಊಟದ ರೀತಿ. ನಮ್ಮಲ್ಲಿ ಎಲೆ ಹಾಕಿದರೆ ಅವರವರ ಪಾಲು ಅವರವರ ಎಲೆಗೆ ಬರುತ್ತದೆ. ಇಲ್ಲಿ ಎಲ್ಲವೂ ಮೇಜಿನ ನಡುವೆ ಬಂದು ಕೂರುತ್ತದೆ, ತಿರುಗಿಸಿ ತಿರುಗಿಸಿ ತೆಗೆದುಕೊಳ್ಳಬೇಕು. ಡಿಮ್‌ಸಮ್ ಚೀನಾದ ಕ್ಯಾಂಟನ್ ಸೀಮೆಯ ಚಹಾದಂಗಡಿಗಳ ತಿಂಡಿ. ಮನೆಮಂದಿಯೆಲ್ಲ ಸುತ್ತ ಕೂತು ಚಹಾ ಕುಡಿಯುತ್ತ ಪುಟ್ಟ ಬುಟ್ಟಿಗಳಿಂದ ಹಂಚಿಕೊಂಡು ತಿನ್ನುವಂಥದ್ದು. ನೋಡಲು ಥೇಟ್ ನಮ್ಮ ಕಡುಬಿನ ತಮ್ಮ.

ಆದರೆ ಬುಟ್ಟಿಯಲ್ಲಿ ಇರುವುದು ಆರು. ನಾವು ಏಳು ಜನ.

ಮೊದಲ ಬುಟ್ಟಿ ಸುತ್ತು ಬಂದಾಗ ಹಿರಿಯೂರು ‘ನಂಗೆ ಹಿಡಿಸಲ್ಲ, ನೀವು ತಗೊಳ್ರೋ’ ಅಂದ. ಎರಡನೆಯದಕ್ಕೂ ಅದೇ ಮಾತು. ಮೂರನೇ ಬುಟ್ಟಿ ಹೇಳಿದವನು ನಾನು. ಮೆನು ಬಂದಾಗಿನಿಂದ ಅವನು ಬಲಬದಿಯ ಅಂಕಿಗಳನ್ನಷ್ಟೇ ಓದುತ್ತಿದ್ದ, ಚಾಪ್‌ಸ್ಟಿಕ್ ಹಿಡಿಯುವುದನ್ನು ಕಲಿಯುವ ನೆಪದಲ್ಲಿ ಏನನ್ನೂ ತಿನ್ನುತ್ತಿರಲಿಲ್ಲ. ಇವೆಲ್ಲ ಆಮೇಲೆ ನೆನಪಾದವು. ಆ ಹೊತ್ತಿಗೆ ಕಾಣಲಿಲ್ಲ. ನಮ್ಮದೇನು ವಿಶೇಷ ಎಂದು ವೇಟರ್ ಅಣ್ಣ ಕೇಳಿ ತಿಳಿದುಕೊಂಡು, ತಟ್ಟೆಯ ಮೇಲೆ ಚಾಕೊಲೇಟಿನಲ್ಲಿ ‘ಕಂಗ್ರಾಟ್ಸ್’ ಎಂದು ಬರೆದು ಒಂದು ತುಂಡು ಬ್ರೌನಿ ತಂದಿಟ್ಟರು, ಬಿಟ್ಟಿಯಾಗಿ. ಅದನ್ನೂ ಏಳು ಭಾಗ ಮಾಡಿದ್ದು ಹಿರಿಯೂರೇ.

ಬಿಲ್ ಬಂದಾಗ ಅವನು ಮೊಬೈಲ್ ತೆಗೆದುಕೊಂಡು ‘ನೆಟ್‌ವರ್ಕ್ ಇಲ್ಲ’ ಎನ್ನುತ್ತ ಹೊರಗೆ ಹೋದ. ನಾನು ಕೈತೊಳೆಯಲು ಹೋದವನು ಮೆಟ್ಟಿಲ ಬಳಿ ಅವನ ದನಿ ಕೇಳಿ ನಿಂತೆ. ‘ಅಕ್ಕಾ, ಎಂಟು ಸಾವಿರ ದಾಟೈತೆ. ನನ್ನತ್ರ ಆರು ಐತೆ. ಇನ್ನೆರಡೂವರೆ ಹಾಕ್ತೀಯಾ? ಸ್ಕಾಲರ್‌ಶಿಪ್ ಬಂದಾಗ ಕೊಡ್ತೀನಿ. ಅಪ್ಪಂಗೆ ಹೇಳ್ಬೇಡ.’

ಅವನ ಅಪ್ಪ ಟೈಲರ್. ಅಂಗಡಿ ಬಾಡಿಗೆಯದ್ದು. ಇದು ನನಗೆ ಮೂರು ವರ್ಷದಿಂದ ಗೊತ್ತು. ಆಫರ್ ಲೆಟರ್‌ನಲ್ಲಿ ಸೇರುವ ದಿನ ಬರುವ ವರ್ಷದ ಜುಲೈ ಎಂದಿರುವುದೂ ಗೊತ್ತಿತ್ತು, ಅದನ್ನು ಗ್ರೂಪಿನಲ್ಲಿ ಫಾರ್ವರ್ಡ್ ಮಾಡಿದವನೇ ನಾನು. ಅಂದರೆ ಮೊದಲ ಸಂಬಳಕ್ಕೆ ಹೆಚ್ಚುಕಡಿಮೆ ಇನ್ನೊಂದು ವರ್ಷ. ನಾಲ್ಕೂವರೆ ಲಕ್ಷ ಎಂದು ನಾನು ಕೂಗಿದ್ದೆನಲ್ಲ, ಅದರಲ್ಲಿ ಒಂದು ರೂಪಾಯಿಯೂ ಅವನ ಜೇಬಿಗೆ ಬಂದಿರಲಿಲ್ಲ. ಕೆಲಸ ಸಿಕ್ಕಿದ ಸಂತೋಷಕ್ಕೆ ಆ ಹುಡುಗ ಮಾಡಿದ ಮೊದಲ ಕೆಲಸ ಸಾಲ. ಮಾಡಿಸಿದವರು ನಾವು.

ಮೇಜಿಗೆ ಮರಳಿ ಬಿಲ್ ಎತ್ತಿಕೊಂಡೆ. ಊಟದ್ದು 7,240 ರೂಪಾಯಿ. ಅದರ ಮೇಲೆ ಶೇ 10 ಸೇವಾ ಶುಲ್ಕ ಸೇರಿಸಿದ್ದರು, ಆಮೇಲೆ ಶೇ 5 ಜಿಎಸ್‌ಟಿ, ಒಟ್ಟು 8,362. ಸೇವಾ ಶುಲ್ಕ ಕಡ್ಡಾಯವಲ್ಲ, ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯದಿದ್ದರೆ 1915ಕ್ಕೆ ದೂರು ಕೊಡಬಹುದು. ಅಷ್ಟು ದೂರ ಹೋಗಬೇಕಾಗಲಿಲ್ಲ. ಕೌಂಟರ್‌ನಲ್ಲಿ ಕೇಳಿದಾಗ ಮ್ಯಾನೇಜರ್ ಮುಖ ಸಣ್ಣದು ಮಾಡಿಕೊಂಡು ಹೊಸ ಬಿಲ್ ಕೊಟ್ಟರು: 7,602. ಅಷ್ಟು ಪ್ರೀತಿಯಿಂದ ಬಡಿಸಿದ ವೇಟರ್ ಅಣ್ಣನ ಪಾಲು ನಾನು ಕಿತ್ತುಕೊಂಡೆನೇನೋ ಎಂದು ಕಸಿವಿಸಿಯೂ ಆಯಿತು. ನಮ್ಮಲ್ಲಿದ್ದ ನೋಟುಗಳನ್ನೆಲ್ಲ ಕೂಡಿಸಿ 300 ರೂಪಾಯಿ ಅವರ ಕೈಗೇ ಕೊಟ್ಟೆವು.

ಹಿರಿಯೂರು ಒಳಗೆ ಬಂದಾಗ ‘ಏಳು ಪಾಲು ಮಾಡೋಣ, ತಲೆಗೆ 1,086’ ಅಂದೆ. ಅವನ ಮುಖ ಕೆಂಪಾಯಿತು. ‘ಟ್ರೀಟ್ ನಂದು. ಯಾರು ಏನು ಹೇಳಿದ್ರು ನಿನಗೆ?’ ನಾನು ಸುಮ್ಮನಾದೆ. ಕೇಳಿಸಿಕೊಂಡದ್ದನ್ನು ಹೇಳಿದರೆ ಅವನನ್ನು ಎಲ್ಲರೆದುರು ಇಳಿಸಿದಂತೆ, ಹೇಳದಿದ್ದರೆ ಅವನು ಬಿಡುವುದಿಲ್ಲ. ಬೆಂಗಳೂರಿನ ಹುಡುಗಿಗೆ ಏನೋ ಹೊಳೆದಿರಬೇಕು, ಬಿಲ್ಲನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು. ಕಡೆಗೆ ಬಿಡಿಸಿದವನು ಬಾಗಲಕೋಟೆ, ಇನ್ನೂ ವಸಾಬಿಯ ಮೂಗು ಒರೆಸಿಕೊಳ್ಳುತ್ತಲೇ: ‘ಅಲ್ಲೋ, ಮದುವಿ ಮನಿಯಾಗ ಮದುಮಗನ ಹತ್ರ ಊಟದ ರೊಕ್ಕ ಇಸ್ಕೋತಾರೇನು? ಕೆಲಸ ಸಿಕ್ಕಾಂವ ನೀ. ಇವತ್ತ ನಾವು ಆರು ಮಂದಿ ಕೊಡ್ತೀವಿ. ನಿಂದು ಮೊದಲ ಪಗಾರ ಬರ್ಲಿ, ಅವತ್ತ ಬಿಡಂಗಿಲ್ಲ.’

ಆರಕ್ಕೆ ಭಾಗಿಸಿದರೆ ತಲೆಗೆ 1,267. ನನಗೂ ಅದು ಸಣ್ಣ ಮೊತ್ತವಲ್ಲ, ಆ ತಿಂಗಳ ಕೊನೆಯಲ್ಲಿ ಕಾಫಿ ಬಿಟ್ಟಿದ್ದೆ. ಹಿರಿಯೂರು ವಾದಿಸಿದ, ಸಿಟ್ಟಾದ, ಆಮೇಲೆ ಮಾತು ನಿಲ್ಲಿಸಿದ. ಹೊರಡುವಾಗ ತನ್ನ ಚಾಪ್‌ಸ್ಟಿಕ್ ಜೋಡಿಯನ್ನು ಕೇಳಿ ತೆಗೆದುಕೊಂಡ. ಮೆಟ್ರೊದಲ್ಲಿ ಅಕ್ಕನಿಗೆ ಮೆಸೇಜ್ ಮಾಡುತ್ತಿದ್ದುದು ಓರೆಗಣ್ಣಿಗೆ ಬಿತ್ತು. ನಾನು ಕಿಟಕಿ ಕಡೆ ತಿರುಗಿದೆ.

ಈಗ ನಮ್ಮ ಗುಂಪಿನಲ್ಲಿ ಅದೇ ಪದ್ಧತಿ. ಅಕ್ಟೋಬರ್‌ನಲ್ಲಿ ಕುಂದಾಪುರಕ್ಕೆ ಕೆಲಸ ಸಿಕ್ಕಿದಾಗ ಅವನನ್ನು ದರ್ಶಿನಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ತಿನ್ನಿಸಿದೆವು. ಏಳು ಜನಕ್ಕೆ 840 ರೂಪಾಯಿ, ಆರು ಪಾಲು. ಅಲ್ಲಿ ಡ್ರಮ್ ಇರಲಿಲ್ಲ. ಬಾಗಲಕೋಟೆ ಸ್ಟೀಲ್ ಟೇಬಲ್ ಬಾರಿಸಿದ್ದಕ್ಕೆ ಬೈಸಿಕೊಂಡೆವು.

ನನ್ನದು ಇನ್ನೂ ಆಗಿಲ್ಲ. ಹೋದ ವಾರ ಒಂದು ಕಂಪನಿಯ ಎರಡನೇ ಸುತ್ತಿನಲ್ಲಿ ಹೊರಬಿದ್ದು ಹಾಸ್ಟೆಲ್‌ಗೆ ಬಂದಾಗ ರಾತ್ರಿ ಎಂಟಾಗಿತ್ತು. ಹಿರಿಯೂರು ಕೆಟಲ್‌ನಲ್ಲಿ ಮ್ಯಾಗಿ ಮಾಡುತ್ತಿದ್ದ, ಅದೇ ಚಾಪ್‌ಸ್ಟಿಕ್‌ನಿಂದ ಕಲಕುತ್ತ. ಏನಾಯಿತು ಎಂದು ಕೇಳಲಿಲ್ಲ. ತಟ್ಟೆಯನ್ನು ನನ್ನ ಕಡೆ ತಳ್ಳಿ ‘ನೀನ್ ಮೊದ್ಲು ತಿನ್ನು’ ಅಂದ.